ಆಕಾಶಕ್ಕೆ ಕಾಣಲೆಂದು ಗೆರೆ ಎಳೆಯುವ ಆರ್ಲಿಸ್

ಸೂರ್ಯ ಇನ್ನೂ ಜೋಳದ ಹೊಲಗಳ ಆಚೆಗೇ ಇದ್ದಾನೆ. ಹೆದ್ದಾರಿಯ ಅಂಚಿನಲ್ಲಿ ಮಂಡಿಯೂರಿ ಕುಳಿತ ಆರ್ಲಿಸ್ ವೊಂದ್ರಾ ಹಳೇ ಟವೆಲ್ಲಿನಿಂದ ಡಾಂಬರಿನ ಮೇಲಿನ ಇಬ್ಬನಿ ಒರೆಸುತ್ತಿದ್ದಾರೆ. ಎಳೆಮಗುವಿನ ಮುಖ ಒರೆಸುವಷ್ಟು ನಿಧಾನ. ಒರೆಸಿದ ಜಾಗದಲ್ಲಿ ಎರಡು ಹಲಗೆ ಇಟ್ಟು, ನಡುವೆ ಬಿಳಿ ಬಣ್ಣದ ರೋಲರ್ ಓಡಿಸುತ್ತಾರೆ. ರಸ್ತೆಗೆ ಅಡ್ಡಲಾಗಿ ಮೊಳದಗಲದ ಗೆರೆ ಮೂಡುತ್ತದೆ.

"ತೇವ ಇದ್ರೆ ಬಣ್ಣ ಕೂರಲ್ಲ, ಸಿಪ್ಪೆ ಏಳುತ್ತೆ. ಆಮೇಲೆ ಮೇಲಿರೋನು ನನ್ನ ಬಯ್ತಾನೆ," ಎನ್ನುತ್ತಾರೆ.

ಮೇಲಿರೋನು ದೇವರೇನಲ್ಲ, ಸಾರ್ಜೆಂಟ್ ಲೋವೆಲ್ ಪೆಲ್ಸ್ಟರ್. ಪೊಲೀಸರ ಪುಟ್ಟ ವಿಮಾನ ಹಾರಿಸುವವರು. ನೆಬ್ರಾಸ್ಕಾದ ಈ ಭಾಗದಲ್ಲಿ ಕಾರು ಓಡಿಸುವ ಯಾರಿಗೂ ಲೋವೆಲ್ ಅಂದರೆ ಅಷ್ಟಕ್ಕಷ್ಟೆ. ಕಾಲು ಮೈಲಿಗೊಂದರಂತೆ ಇರುವ ಈ ಬಿಳಿ ಗೆರೆಗಳನ್ನು ಅವರು ಮೇಲಿನಿಂದ ನೋಡುತ್ತಾರೆ. ಕಾರು ಒಂದು ಗೆರೆ ದಾಟಿದಾಗ ಕೈಯಲ್ಲಿರುವ ಗಡಿಯಾರ ಒತ್ತುತ್ತಾರೆ, ಮುಂದಿನದನ್ನು ದಾಟಿದಾಗ ಮತ್ತೆ ಒತ್ತುತ್ತಾರೆ. ವೇಗ ಗೊತ್ತಾಯಿತು. ಗಂಟೆಗೆ ಅರವತ್ತೈದು ಮೈಲಿ ಮೀರಿದರೆ ಮುಂದೆಲ್ಲೋ ಮರದ ನೆರಳಲ್ಲಿ ನಿಂತ ಪೊಲೀಸ್ ಕಾರಿಗೆ ರೇಡಿಯೋದಲ್ಲಿ ಸುದ್ದಿ ಹೋಗುತ್ತದೆ. ದಂಡದ ಚೀಟಿ ಪಡೆದವರೆಲ್ಲ ಊರಿನ ಬೇಕರಿಯಲ್ಲಿ ಕುಳಿತು ವಿಮಾನಕ್ಕೆ ಹಿಡಿಶಾಪ ಹಾಕುತ್ತಾರೆ. ಆ ಗೆರೆ ಎಳೆದವರು ಪಕ್ಕದ ಮೇಜಿನಲ್ಲೇ ಕೊಲಾಚೆ ಎಂಬ ಏಪ್ರಿಕಾಟ್ ಹಣ್ಣಿನ ಬನ್ನು ತಿನ್ನುತ್ತಾ ಕೂತಿರುತ್ತಾರೆ. ಯಾರಿಗೂ ಹೊಳೆಯುವುದಿಲ್ಲ.

"ಹೊಳೀದೆ ಇರೋದೇ ಒಳ್ಳೇದು ಬಿಡು. ಹೊಳೆದ್ರೆ ನನಗೆ ಕಾಫಿ ಸಿಗುತ್ತಾ?" ಎಂದು ನಗುತ್ತಾರೆ ಆರ್ಲಿಸ್.

ಮೊದಲು ಶಾಲೆಯ ಅಡುಗೆಮನೆಯಲ್ಲಿದ್ದರಂತೆ. ಗಂಡ ಎಮಿಲ್ ತೀರಿಕೊಂಡ ಮೇಲೆ, ಸಂಬಳ ಸ್ವಲ್ಪ ಜಾಸ್ತಿ ಎಂದು ರಸ್ತೆ ಕೆಲಸಕ್ಕೆ ಬಂದರು. ಇಪ್ಪತ್ತು ವರ್ಷದ ಮೇಲಾಯಿತು. ಬಿಸಿಲು ಚೆನ್ನಾಗಿದ್ದರೆ ದಿನಕ್ಕೆ ಎಂಟು ಗೆರೆ, ಗಾಳಿ ಎದ್ದರೆ ನಾಲ್ಕೂ ಕಷ್ಟ. ಮಂಡಿ ಸವೆದಿದೆ. ಬಣ್ಣದ ವಾಸನೆ ಮೈಯಿಂದ ಹೋಗುವುದೇ ಇಲ್ಲ. ಲಾರಿಗಳು ಪಕ್ಕದಲ್ಲೇ ಹಾದುಹೋದಾಗ ಬೀಸುವ ಗಾಳಿಗೆ ಕೂತಲ್ಲೇ ಅಲುಗಾಡುತ್ತಾರೆ. ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ಕೋನುಗಳ ಸಾಲು, ಸೊಂಟದಲ್ಲೊಂದು ರೇಡಿಯೋ, ಇಷ್ಟೇ ರಕ್ಷಣೆ. ಅವರು ಕೆಲಸ ಮಾಡುವ ದಿನ ವಿಮಾನ ಹಾರಿದರೆ ಲೋವೆಲ್ ಒಂದು ಕಣ್ಣು ಅವರ ಮೇಲೂ ಇಟ್ಟಿರುತ್ತಾರೆ.

ಆ ಕಣ್ಣೇ ಮೂರು ಬೇಸಿಗೆಯ ಹಿಂದೆ ಅವರ ಜೀವ ಉಳಿಸಿತು. ಇಂಥದೇ ಒಂದು ಬೆಳಗ್ಗೆ ರೇಡಿಯೋ ಕಿರುಚಿತು. "ಆರ್ಲಿಸ್, ರಸ್ತೆ ಬಿಡು. ಈಗಲೇ!" ಆರ್ಲಿಸ್ ಯಾಕೆ ಏನು ಎಂದು ಕೇಳಲಿಲ್ಲ, ಪಕ್ಕದ ಹಳ್ಳಕ್ಕೆ ಹಾರಿಕೊಂಡರು. ಹಸಿರು ಕಾರೊಂದು ಕೋನುಗಳನ್ನು ಎಗರಿಸಿ, ಬಣ್ಣದ ಡಬ್ಬಿಯನ್ನು ಉರುಳಿಸಿ, ಆ ಬಿಳುಪಿನ ಮೇಲೇ ಹಾದು ಹೋಯಿತು. ರಸ್ತೆಯುದ್ದಕ್ಕೂ ಚಕ್ರದ ಎರಡು ಬಿಳಿ ಗುರುತು. ಲೋವೆಲ್ ಲೆಕ್ಕದಲ್ಲಿ ಅದರ ವೇಗ ತೊಂಬತ್ತು ಮೀರಿತ್ತು.

ಹಳ್ಳದಲ್ಲಿ ಬಿದ್ದಿದ್ದ ಆರ್ಲಿಸ್ ರೇಡಿಯೋದಲ್ಲಿ ಎಲ್ಲವನ್ನೂ ಕೇಳುತ್ತಿದ್ದರು. ಮುಂದೆ ಕಾದಿದ್ದ ಪೊಲೀಸ್ ಹುಡುಗ ಕಾರು ನಿಲ್ಲಿಸಿದ. ಓಡಿಸುತ್ತಿದ್ದವರ ಹೆಸರು ಓದಿದ. ಟ್ರೀನಾ ವೊಂದ್ರಾ.

ಆರ್ಲಿಸರ ಒಬ್ಬಳೇ ಮಗಳು.

ಟ್ರೀನಾ ಆಸ್ಪತ್ರೆಯಲ್ಲಿ ನರ್ಸ್, ರಾತ್ರಿ ಪಾಳಿ. ಬೆಳಗ್ಗೆ ಶಾಲೆಯ ಬಸ್ಸು ಬರುವ ಮೊದಲು ಮನೆ ಮುಟ್ಟಿದರೆ ಮಾತ್ರ ಮಗಳು ಜೋಸಿಯ ಮುಖ ನೋಡಲು ಸಿಗುತ್ತಿತ್ತು. ಇಲ್ಲದಿದ್ದರೆ ಸಂಜೆಯೇ. ಆ ಐದು ನಿಮಿಷಕ್ಕಾಗಿ ಅರೆನಿದ್ದೆಯಲ್ಲಿ ಕಾರು ಓಡಿಸುತ್ತಿದ್ದಳು. ರಸ್ತೆಯಲ್ಲಿ ಇದ್ದದ್ದು ಅಮ್ಮ ಎಂಬುದು ಇರಲಿ, ಯಾರೋ ಇದ್ದಾರೆ ಎಂಬುದೂ ಅವಳಿಗೆ ಗೊತ್ತಾಗಿರಲಿಲ್ಲ.

"ಆ ಹುಡುಗ ಪಾಪ, ರೇಡಿಯೋದಲ್ಲಿ ತೊದಲ್ತಿದ್ದ. 'ಆರ್ಲಿಸಮ್ಮ, ಇದು ನಿಮ್ಮ... ಏನ್ ಮಾಡ್ಲಿ?' ಅಂದ. 'ಚೀಟಿ ಬರಿ, ಇನ್ನೇನ್ ಮಾಡ್ತೀಯ' ಅಂದೆ. ಹಳ್ಳದಿಂದ ಎದ್ದು ಅಲ್ಲಿಗೇ ಹೊರಟೆ."

ಅಲ್ಲಿಗೆ ತಲುಪಿದಾಗ ಟ್ರೀನಾ ಕಾರಿನ ಚಕ್ರದ ಪಕ್ಕ ನೆಲದ ಮೇಲೆ ಕೂತಿದ್ದಳಂತೆ. ಯಾರಿಗೆ ಗುದ್ದಿದೆನೋ, ಯಾರನ್ನು ಕೊಂದೆನೋ ಎಂದು ಆ ಬಿಳಿ ಬಣ್ಣವನ್ನೇ ನೋಡುತ್ತಿದ್ದಳಂತೆ. ತಲೆಯಿಂದ ಕಾಲಿನವರೆಗೆ ಕೆಸರು, ಬಣ್ಣ ಮೆತ್ತಿಕೊಂಡ ಅಮ್ಮ ಎದುರಿಗೆ ಬಂದು ನಿಂತರು.

"ಅವಳ ಕೆನ್ನೆ ಹಿಡ್ಕೊಂಡೆ. ಎರಡೂ ಕಡೆ ನನ್ನ ಬೆರಳಿನ ಬಿಳಿ ಗುರುತು ಬಿತ್ತು. 'ಬದುಕಿದ್ದೀನಿ ಕಣೇ, ನೀನೂ ಬದುಕಿದ್ದೀಯ, ಏಳು' ಅಂದೆ. ಬಯ್ಯೋಣ ಅಂತಾನೇ ಹೋಗಿದ್ದೆ, ಬಾಯೇ ಬರ್ಲಿಲ್ಲ."

ನಾನು ಬರೆದುಕೊಳ್ಳುವುದನ್ನು ಬಿಟ್ಟು ಅವರ ಮುಖ ನೋಡುತ್ತೇನೆ. ಆರ್ಲಿಸ್ ಮಾತ್ರ ರೋಲರ್‌ಗೆ ಬಣ್ಣ ಮೆತ್ತುತ್ತಾ ಮುಂದಿನದನ್ನು ಹೇಳುತ್ತಾರೆ. ಬಸ್ಸಿನ ಚಾಲಕ ಈಗ ಊರಿನ ಇನ್ನೊಂದು ತುದಿಯಿಂದ ಮಕ್ಕಳನ್ನು ಹತ್ತಿಸಿಕೊಳ್ಳುತ್ತಾನೆ. ಜೋಸಿಯ ಮನೆಯೇ ಕೊನೆಯದು. ಯಾರೂ ಅರ್ಜಿ ಹಾಕಲಿಲ್ಲ. ಟ್ರೀನಾಳ ಕಥೆ ಕೇಳಿ ಅವನೇ ಒಂದು ಸೋಮವಾರ ಹಾಗೆ ಶುರು ಮಾಡಿದ.

ಇನ್ನೊಂದು ಏರ್ಪಾಡು ಆರ್ಲಿಸರದ್ದೇ. ಮಗಳ ಹಸಿರು ಕಾರಿನ ನೆತ್ತಿಯ ಮೇಲೆ, ಮಿಕ್ಕ ಬಣ್ಣದಲ್ಲಿ, ತಾವೇ ಒಂದು ಬಿಳಿ ಪಟ್ಟಿ ಬಳಿದರು. ಟ್ರೀನಾ ನಾಚಿಕೆಯಿಂದ ಒಂದು ವಾರ ಅಮ್ಮನ ಜೊತೆ ಮಾತು ಬಿಟ್ಟಳು, ಆದರೆ ಪಟ್ಟಿ ಅಳಿಸಲಿಲ್ಲ. ಅಂದಿನಿಂದ ವಿಮಾನ ಹಾರುವ ದಿನ ಬೆಳಗ್ಗೆ ಲೋವೆಲ್ ಆ ಕಾರಿನ ವೇಗವನ್ನೂ ಅಳೆಯುತ್ತಾರೆ. ಅಳೆದು ಆರ್ಲಿಸರ ರೇಡಿಯೋದಲ್ಲಿ ಬರೀ ಒಂದು ಸಂಖ್ಯೆ ಹೇಳುತ್ತಾರೆ. ಅರವತ್ತೆರಡು, ಅರವತ್ತು, ಹೀಗೆ.

ಇವತ್ತು ವಿಮಾನ ಮೇಲಿದೆ, ಆ ಸಂಖ್ಯೆ ಮಾತ್ರ ಬಂದಿಲ್ಲ. ಬಿಸಿಲು ಜೋಳದ ತೆನೆಗೆ ಇಳಿದಿದೆ, ಟ್ರೀನಾ ಹಾದು ಹೋಗುವ ಹೊತ್ತು ಮೀರಿದೆ. ಆರ್ಲಿಸ್ ಎದ್ದು ನಿಂತಿದ್ದಾರೆ. ರೋಲರ್ ತಟ್ಟೆಯಲ್ಲೇ ಇದೆ, ಬಣ್ಣ ಕೆನೆ ಕಟ್ಟುತ್ತಿದೆ. ರಸ್ತೆಯ ಪೂರ್ವದ ತುದಿಯಲ್ಲಿ ಏನೂ ಕಾಣುತ್ತಿಲ್ಲ.

ಕೊನೆಗೆ ರೇಡಿಯೋ ಗೊರಗೊರ ಎನ್ನುತ್ತದೆ.

"ಆರ್ಲಿಸ್, ಇಪ್ಪತ್ತು."

"ಇಪ್ಪತ್ತಾ? ಕಾರ್ ಕೆಟ್ಟೋಗಿದ್ಯಾ?"

"ಕೆಟ್ಟಿಲ್ಲ ಕಣಮ್ಮ. ಮುಂದೆ ಹುಲ್ಲಿನ ಹೊರೆ ಹೊತ್ತ ಟ್ರ್ಯಾಕ್ಟರ್ ಇದೆ. ರಸ್ತೆ ಖಾಲಿನೇ ಇದೆ, ದಾಟಿ ಹೋಗಬಹುದು. ನಿನ್ನ ಮಗಳು ಹೋಗ್ತಾ ಇಲ್ಲ. ಸುಮ್ನೆ ಹಿಂದೆ ಬರ್ತಾ ಇದ್ದಾಳೆ."

ಆರ್ಲಿಸ್ ತೋಳಿನಿಂದ ಮುಖ ಒರೆಸಿಕೊಳ್ಳುತ್ತಾರೆ, ಹಣೆಗೆ ಬಿಳಿ ಬಣ್ಣ ಹತ್ತುತ್ತದೆ. ಸ್ವಲ್ಪ ಹೊತ್ತಿಗೆ ಟ್ರ್ಯಾಕ್ಟರ್ ಹಾದುಹೋಗುತ್ತದೆ. ಅದರ ಹಿಂದೆಯೇ ಹಸಿರು ಕಾರು, ಕಿಟಕಿಯಿಂದ ಹೊರಚಾಚಿದ ಒಂದು ಕೈ. ಆರ್ಲಿಸ್ ರೋಲರ್ ಎತ್ತಿ ಬೀಸುತ್ತಾರೆ.

ಇಷ್ಟು ವರ್ಷ ಈ ಕೆಲಸ ಮಾಡಿದ್ದೀರಿ, ಇನ್ನೇನಾದರೂ ಆಸೆ ಇದೆಯೇ ಎಂದು ಕೇಳುತ್ತೇನೆ. ಅವರು ಮತ್ತೆ ಮಂಡಿಯೂರಿ, ಟವೆಲ್ ಕೈಗೆತ್ತಿಕೊಂಡು, ಮುಂದಿನ ಗೆರೆಯ ಜಾಗ ಒರೆಸತೊಡಗಿದ್ದಾರೆ.

"ಆಸೆ ಏನು? ಅವಳು ದಿನಾ ತಡ ಮಾಡ್ಲಿ," ಎನ್ನುತ್ತಾರೆ. "ತಡ ಮಾಡ್ಕೊಂಡು, ಬರ್ಲಿ."