ಕಂಬಳಿಯ ಮೇಲೆ ಕುಳಿತವರು

ಇದನ್ನು ನಾನು ಹಿಂದೆಯೂ ಬರೆದು ಹರಿದುಹಾಕಿದ್ದೇನೆ. ಒಂದರಲ್ಲಿ ಅಪ್ಪ ಸಂತನಾಗಿದ್ದ, ಇನ್ನೊಂದರಲ್ಲಿ ಕಳ್ಳನಾಗಿದ್ದ. ಎರಡೂ ಓದಲು ಚೆನ್ನಾಗಿದ್ದವು. ಅದಕ್ಕೇ ಅವುಗಳ ಮೇಲಿನ ನಂಬಿಕೆ ಹೋಯಿತು.

ನಾವು ಹೆಳವರು. ಬೇರೆಯವರ ಬಾಗಿಲಿಗೆ ಹೋಗಿ ಅವರದೇ ವಂಶವನ್ನು ಅವರಿಗೆ ಹೇಳುವುದು ನಮ್ಮ ಕಸುಬು. ಮೂಲಪುರುಷ ಯಾವ ಊರಿಂದ ಬಂದ, ಯಾವ ಮನೆಯ ಹೆಣ್ಣು ತಂದುಕೊಂಡ, ಯಾವ ಮಗ ದತ್ತಕ ಹೋದ, ಯಾವ ಮಗಳನ್ನು ಎಲ್ಲಿಗೆ ಕೊಟ್ಟರು, ಎಲ್ಲವೂ ಬಾಯಲ್ಲೇ ಇರುತ್ತಿತ್ತು. ಸುಗ್ಗಿ ಮುಗಿದ ಮೇಲೆ ಅಪ್ಪ ಎತ್ತು ಹತ್ತಿ ಹೊರಟರೆ ಸವದತ್ತಿ, ರಾಮದುರ್ಗದ ಕಡೆಯ ಒಕ್ಕಲು ಮನೆಗಳನ್ನೆಲ್ಲ ಸುತ್ತಿ ಜೋಳ, ಧೋತರ ತೆಗೆದುಕೊಂಡು ಸಂಪಗಾಂವದ ಹತ್ತಿರದ ನಮ್ಮ ಮನೆಗೆ ಮರಳುತ್ತಿದ್ದ. ತೊಂಬತ್ತರ ದಶಕದಲ್ಲಿ ಎತ್ತು ಹೋಗಿ ಬಸ್ಸು ಬಂತು. ಹೇಳುವುದು ನಿಲ್ಲಲಿಲ್ಲ.

ನಮ್ಮ ಮನೆಯಲ್ಲಿ ಒಂದು ಕಟ್ಟುಪಾಡಿತ್ತು. ಉಳಿದ ಹೆಳವರಲ್ಲಿ ಇತ್ತೋ ಇಲ್ಲವೋ ತಿಳಿಯದು. ಹೇಳುವ ಮೊದಲು ಕಂಬಳಿ ಹಾಸಬೇಕು, ಅದರ ಮೇಲೆ ಆ ವಂಶದವರೊಬ್ಬರು ಕುಳಿತಿರಬೇಕು. ಮೊಲೆಯುಣ್ಣುವ ಕೂಸಾದರೂ ನಡೆಯುತ್ತದೆ. ಖಾಲಿ ಕಂಬಳಿಗೆ ಹೇಳಿದರೆ ಆ ಮನೆಯೇ ಖಾಲಿಯಾಗುತ್ತದೆ ಎಂಬ ಭಯ.

ನನಗೆ ಬೇಕಾಗಿದ್ದದ್ದು ನಮ್ಮ ವಂಶ. ಸಣ್ಣವಳಿದ್ದಾಗ ನಾನೇ ಕಂಬಳಿ ಹಾಸಿಕೊಂಡು ಅಪ್ಪನ ಮುಂದೆ ಕೂರುತ್ತಿದ್ದೆ.

“ಅಪ್ಪಾ, ನಮ್ಮದು ಹೇಳು.”

“ನಮ್ಮದು ಎಲ್ಲೀದು ಯವ್ವಾ? ಮಂದೀದು ಹೇಳಿ ಹೇಳಿ ನಮ್ಮದು ಮರತ ಹೋತು.”

“ನಿಮ್ಮಜ್ಜ ಯಾರು?”

“ಅಂವಾ ಒಬ್ಬ ಹೆಳವ. ಏಳು, ಕಂಬಳಿ ಝಾಡಿಸಬೇಕು.”

ನಾನು ನಂಬಿದೆ. ನಂಬಿದ್ದಷ್ಟೇ ಅಲ್ಲ, ಆ ಇಲ್ಲದಿರುವಿಕೆಯ ಮೇಲೆಯೇ ನನ್ನ ಬರವಣಿಗೆಯನ್ನು ಕಟ್ಟಿಕೊಂಡೆ. ಕಾಲೇಜಿನಲ್ಲಿ ಹಿಂದುಮುಂದಿಲ್ಲದ ಮನುಷ್ಯರ ಕಥೆಗಳನ್ನು ಬರೆದೆ, ಅವು ಅಚ್ಚಾದವು. ಬೈಲಹೊಂಗಲದಲ್ಲಿ ನೌಕರಿ ಸಿಕ್ಕ ಮೇಲೂ, ಅವ್ವ ತೀರಿಕೊಂಡ ಮೇಲೂ, ದಿನಾ ಬಸ್ಸಿನಲ್ಲಿ ಹೋಗಿಬಂದು ಅಂಥವನ್ನೇ ಬರೆಯುತ್ತಿದ್ದೆ.

ಎರಡು ಸಾವಿರದ ಇಸವಿಯ ನಂತರದ ಒಂದು ಬೇಸಿಗೆಯಲ್ಲಿ ದೂರದ ಪಟ್ಟಣದ ವಸ್ತುಸಂಗ್ರಹಾಲಯದಿಂದ ಒಬ್ಬ ಸಂಶೋಧಕ ಮನೆಗೆ ಬಂದ. ಪುಸ್ತಕದಲ್ಲಿ ಜಾಗ ಸಿಗದ ಜನರ ದನಿಗಳನ್ನು ಕಂಪ್ಯೂಟರಿನಲ್ಲಿ ಕಾಪಾಡುತ್ತಿದ್ದೇವೆ ಎಂದ. ಕಿಸೆಯಿಂದ ಅಂಗೈಯಗಲದ ರೆಕಾರ್ಡರ್ ತೆಗೆದಿಟ್ಟ.

“ಯಾವುದಾದರೂ ದೊಡ್ಡ ಮನೆತನದ್ದು ಹೇಳಿ ಅಜ್ಜಾರೆ. ಗೌಡರದ್ದು ಇದ್ದರೆ ಒಳ್ಳೆಯದು.”

“ಅವರ ಪೈಕಿ ಯಾರರೆ ಮುಂದ ಕುಂದ್ರಬೇಕಲ್ರಿ.”

“ಇದರೊಳಗೆ ಎಲ್ಲರೂ ಕೂತಿದ್ದಾರೆ ಅಂದ್ಕೊಳ್ಳಿ,” ಎಂದು ಅವನು ರೆಕಾರ್ಡರ್ ತಟ್ಟಿದ.

“ಇಷ್ಟ ಸಣ್ಣದರಾಗ? ಗೌಡ್ರ ಹೊಟ್ಟಿನೂ ಹಿಡಿಸೂದಿಲ್ರಿ.”

ಮೂವರೂ ನಕ್ಕೆವು. ಆಮೇಲೆ ಅಪ್ಪ ನನ್ನನ್ನು ಸಕ್ಕರೆ ತರಲು ಅಂಗಡಿಗೆ ಕಳಿಸಿದ. ಮನೆಯಲ್ಲಿ ಸಕ್ಕರೆ ಇತ್ತೋ ಇಲ್ಲವೋ ಈಗ ನೆನಪಿಲ್ಲ. ಇತ್ತು ಎಂದು ಬರೆದರೆ ಕಥೆ ಬಿಗಿಯಾಗುತ್ತದೆ, ಹಾಗಾಗಿ ಬರೆಯುವುದಿಲ್ಲ. ಚಹಾ ಸೋಸಿ ತರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಹೂಲಿ ಕಡೆಯ ಗೌಡರ ವಂಶ ಪೂರ್ತಿ ಸಿಕ್ಕಿತು ಎಂದು ಸಂಶೋಧಕ ಹಿಗ್ಗಿದ್ದ. ಅಪ್ಪ ಕಂಬಳಿ ಮಡಚುತ್ತಿದ್ದ.

ಮುಂದಿನ ವರ್ಷ ಸಂಗ್ರಹಾಲಯದವರು ಬೈಲಹೊಂಗಲದ ಒಂದು ಮಂಗಲ ಕಾರ್ಯಾಲಯದಲ್ಲಿ ಪ್ರದರ್ಶನ ಇಟ್ಟರು. ಸಾಲಾಗಿ ಕಂಪ್ಯೂಟರ್, ಒಂದೊಂದಕ್ಕೂ ಹೆಡ್‌ಫೋನ್. ಅಪ್ಪನ ಫೋಟೋದ ಕೆಳಗೆ ಹೂಲಿ ಕಡೆಯ ಗೌಡ ಮನೆತನದ ವಂಶಾವಳಿ, ಹೇಳಿದವರು ಒಬ್ಬ ಹೆಳವ ಎಂದು ಬರೆದಿತ್ತು. ನಾನು ಹೆಡ್‌ಫೋನ್ ಹಾಕಿಕೊಂಡೆ.

ಸುರೇಬಾನ ಎಂಬ ಊರು ಬಿಟ್ಟು ಬಂದವನೊಬ್ಬ, ವಾಡೆ ಕಟ್ಟಿಸಿದವನೊಬ್ಬ, ಬಿಳಿ ಕುದುರೆಯವನೊಬ್ಬ. ಅಪ್ಪನ ಉಸಿರು, ನಡುವೆ ಒಂದು ಕೆಮ್ಮು. ಆಮೇಲೆ ಕೊನೆಯ ತಲೆಮಾರು: “ಇವಗ ಹುಟ್ಟಿದ ಗಂಡ ಕೂಸು ತೊಟ್ಟಿಲದಾಗ ಹೋತು. ಹಿಂದ ಹುಟ್ಟಿದಾಕಿ ಒಬ್ಬ ಮಗಳು. ಎಡಗೈಲೆ ಉಣ್ಣಾಕಿ. ಅಕ್ಷರ ಕಲತ್ಲು, ಲಗ್ನ ಒಲ್ಲೆ ಅಂದ್ಲು.”

ನಾನು ಎಡಚಿ. ಲಗ್ನ ಒಲ್ಲೆ ಎಂದವಳು. ನನಗೊಬ್ಬ ಅಣ್ಣ ಹುಟ್ಟಿ ತೀರಿಹೋಗಿದ್ದ ಎಂಬುದನ್ನು ಒಂದು ಯಂತ್ರದಿಂದ, ಮದುವೆ ಮಂಟಪದಲ್ಲಿ ನಿಂತು ತಿಳಿದುಕೊಂಡೆ. ಮತ್ತೆ ಮೊದಲಿನಿಂದ ಕೇಳಿದೆ. ವಾಡೆ ಸುಳ್ಳು, ಕುದುರೆ ಸುಳ್ಳು. ಸುರೇಬಾನ? ಅದು ನಮ್ಮದೋ ಅಥವಾ ಅದೂ ಬಣ್ಣವೋ? ಬೇರ್ಪಡಿಸಲು ನನ್ನಲ್ಲಿ ಏನೂ ಇರಲಿಲ್ಲ. ಅಪ್ಪ ಏನನ್ನೂ ಮರೆತಿರಲಿಲ್ಲ ಎಂಬುದಷ್ಟೇ ಖಾತ್ರಿಯಾಯಿತು.

ಸಂಶೋಧಕ ಅಲ್ಲೇ ಇದ್ದ. ಇದು ಗೌಡರದಲ್ಲ, ನಮ್ಮ ಮನೆಯದು ಎಂದೆ.

“ಹೇಗಾಗುತ್ತೆ ಮೇಡಂ? ನಿನ್ನೆ ಹೂಲಿಯಿಂದ ಆ ಮನೆಯವರೇ ಜೀಪ್ ಮಾಡ್ಕೊಂಡು ಬಂದಿದ್ರು. ಹಿರಿಯರು ಕೇಳಿ ಅತ್ತೇಬಿಟ್ರು. ಅವರಿಗೆ ಎಡಗೈಯ ಅತ್ತೆ ಒಬ್ಬರಿದ್ದರಂತೆ.”

“ಎಡಗೈಯವರು ಎಲ್ಲರ ಮನೆಯಲ್ಲೂ ಇರ್ತಾರೆ.”

“ನಿಮ್ಮ ತಂದೆಯವರೇ ಬಂದು ಹೇಳಲಿ. ಬದಲಾಯಿಸ್ತೀವಿ.”

ಸಂಜೆಯ ಬಸ್ಸಿಗೆ ಮನೆಗೆ ಬಂದು ಎಲ್ಲ ಹೇಳಿದೆ. ಅಪ್ಪ ಎಲೆಗೆ ಸುಣ್ಣ ಹಚ್ಚುತ್ತ ಕೇಳಿದ.

“ಗೊತ್ತಿಲ್ಲ ಅಂತಿದ್ದ್ಯಲ್ಲ ಅಪ್ಪಾ.”

“ಗೌಡ್ರ ಪೈಕಿ ಯಾರೂ ಇರಲಿಲ್ಲ. ಕಂಬಳಿ ಮ್ಯಾಲ ನಾನ ಕುಂತ್ನಿ. ನಾ ಕುಂತ ಮ್ಯಾಲ ಮಂದೀದು ಹೆಂಗ ಹೇಳಲಿ?”

“ನಾ ಎಷ್ಟ ಸಲ ಕುಂತಿಲ್ಲ?”

“ಆ ಕೂಸಿನ ಮಾತು ತಗೀಬ್ಯಾಡ ಅಂತ ನಿಮ್ಮವ್ವ ಆಣಿ ಹಾಕಿದ್ಲು. ಅದನ್ನ ಬಿಟ್ಟು ಹೇಳಿದ್ರ ಸುಳ್ಳ ಆಗತೈತಿ.”

“ಅವ್ವ ಹೋದ ಮ್ಯಾಲ?”

ಅಪ್ಪ ಎಲೆ ಬಾಯಿಗಿಟ್ಟ.

“ಗೌಡ್ರ ಹೆಸರ ಯಾಕ ಹಚ್ಚಿದಿ?”

“ಹೆಳವರದು ಅಂದಿದ್ರ ಅಂವಾ ಮಿಷನ್ ಬಂದ್ ಮಾಡತಿದ್ದ.”

ಇದು ನಿಜವೇ ಇರಬಹುದು. ಜಾಗ ಸಿಗದವರನ್ನು ಹುಡುಕಿಕೊಂಡು ನಮ್ಮ ಮನೆವರೆಗೆ ಬಂದವನು ಕೇಳಿದ್ದು ದೊಡ್ಡ ಮನೆತನವನ್ನು. ಆದರೆ ನನ್ನ ಸಿಟ್ಟನ್ನೆಲ್ಲ ಅವನ ಮೇಲೆ ಹಾಕಿ ಅಪ್ಪನನ್ನು ತಪ್ಪಿನಿಂದ ಬಿಡಿಸಲು ನನಗೆ ಆಗಲಿಲ್ಲ. ಮುಂದೆ ಕುಳಿತ ಮಗಳಿಗೆ ಇಲ್ಲ ಎಂದದ್ದನ್ನು ಅಪ್ಪ ಮೊದಲ ಸಲ ಕಂಡವನಿಗೆ ಕೊಟ್ಟಿದ್ದ.

“ನಾಳಿ ಬೈಲಹೊಂಗಲಕ್ಕ ಬಾ. ನಮ್ಮದು ಅಂತ ಹೇಳು.”

“ಅವರು ಅತ್ತಾರಂತಲ್ಲ. ಅತ್ತವರ ಕೈಯಾಗಿಂದ ಕಸಗೊಳ್ಳಾಕ ಬರತೈತೇನು?”

“ಹಂಗಾರ ನನಗರೆ ಹೇಳು. ವಾಡೆ ಬಿಟ್ಟು, ಕುದುರಿ ಬಿಟ್ಟು.”

“ಒಂದ ವಂಶ ಎರಡ ಬಾಗಲಾಗ ಹೇಳೂದಿಲ್ಲ ಯವ್ವಾ. ಅದು ಈಗ ಅವರದು.”

ಅವನ ದನಿಯಲ್ಲಿ ದುಃಖ ಇತ್ತು ಎಂದು ಬರೆಯಲು ಕೈ ಹೋಗುತ್ತದೆ. ಇರಲಿಲ್ಲ. ಕಸುಬಿನವನ ದನಿ ಇತ್ತು.

ಕೆಲವು ದಿನಗಳಲ್ಲಿ ಹೂಲಿಯಿಂದ ಗೌಡರು ಹೇಳಿಕಳಿಸಿದರು, ಮನೆಮಂದಿಯೆಲ್ಲ ಕೂಡಿ ಕೇಳಬೇಕಂತೆ. ಹೋಗಬೇಡ ಎಂದೆ. ಅಪ್ಪ ತಲೆಗೆ ಪಟಕಾ ಸುತ್ತಿಕೊಂಡು ಸವದತ್ತಿ ಬಸ್ಸು ಹಿಡಿದ. ಮರುದಿನ ಹೊಸ ಧೋತರದಲ್ಲಿ ಬಂದ. ಅವರ ಮೊಮ್ಮಕ್ಕಳನ್ನು ಕೊನೆಗೆ ಸೇರಿಸಿದೆ, ಹೇಳಲು ಚಂದ ಬಂತು ಎಂದ.

“ನನ್ನ ಏನಂತ ಹೇಳಿದಿ?”

“ಅವರತ್ತಿ ಅಂತ.”

“ಅದಾಳೋ, ಸತ್ತಾಳೋ?”

“ಸತ್ತು ಭಾಳ ದಿವಸಾತಂತ,” ಎಂದ ಅಪ್ಪ, ಕೈಕಾಲು ತೊಳೆಯಲು ಹೋಗುತ್ತ.

ಅಂದು ನಾನು ಬಡಿಸಲಿಲ್ಲ. ಅವನೇ ಬುಟ್ಟಿಯೊಳಗಿನ ರೊಟ್ಟಿ ತೆಗೆದುಕೊಂಡು ಉಂಡ.