ಸುಣ್ಣದ ಗುರುತಿನ ನಲವತ್ತೊಂದು ಹೊನ್ನಂಬರಿ

ಕಾರ್ತಿಕ ಶುದ್ಧ ಪಾಡ್ಯ, ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷ. ಅಂಗಳದಿಂದ ಹಸಿ ಸಗಣಿಯ ವಾಸನೆ ಬರುತ್ತಿದೆ. ಅದು ಮೂಗಿಗೆ ಬಿದ್ದದ್ದೇ ತಡ, ಹಲ್ಲುಜ್ಜುವುದನ್ನೂ ಬಿಟ್ಟು ಈ ನೋಟ್‌ಬುಕ್ ಹಿಡಿದು ಕುಳಿತಿದ್ದೇನೆ. ಬೇವೂರಿನ ನಮ್ಮ ಮನೆಯಲ್ಲಿ ಪಾಡ್ಯದ ದಿನ ಸಗಣಿ ಕಲಸುತ್ತಿರುವುದು ಮೂರು ವರ್ಷಗಳ ನಂತರ.

ನಿಮ್ಮ ಕಡೆ ಹೇಗೋ ಗೊತ್ತಿಲ್ಲ. ನಮ್ಮಲ್ಲಿ ದೀಪಾವಳಿ ಪಾಡ್ಯಕ್ಕೆ ಸಗಣಿಯಲ್ಲಿ ಐವರು ಪಾಂಡವರನ್ನು ಮಾಡಿ ಹೊಸ್ತಿಲ ಪಕ್ಕ ಕೂರಿಸುತ್ತಾರೆ. ಗೇಣುದ್ದವೂ ಇಲ್ಲದ ಆ ವೀರರ ತಲೆಗೆ ಉತ್ತರಾಣಿ ಕಡ್ಡಿ, ಹೊನ್ನಂಬರಿ ಹೂ. ಹೊನ್ನಂಬರಿ ಎಂದರೆ ಪುಸ್ತಕದವರ ಆವರಿಕೆ. ಯಾರೂ ನೀರು ಹಾಕದ ಬದುವಿನಲ್ಲಿ ಎದೆಯೆತ್ತರ ಬೆಳೆದು ಹಳದಿ ಹೂ ಬಿಡುವ ಪೊದೆ. ಬೇಸಿಗೆಯಲ್ಲಿ ಹಳದಿ ಗೊಂಚಲು ಇಳಿಬಿಡುವ ಕಕ್ಕೆ ಮರವೂ ಇದರ ಬಳಗವೇ. ಆ ಅಣ್ಣನ ಮುಂದೆ ನಿಂತು ಎಲ್ಲರೂ ಫೋಟೋ ತೆಗೆಸಿಕೊಳ್ಳುತ್ತಾರೆ, ಈ ತಂಗಿಯನ್ನು ಕಸ ಅನ್ನುತ್ತಾರೆ. ಹಾಗೆ ಅಂದವರಲ್ಲಿ ನಾನೂ ಒಬ್ಬಳು. ಅಂದದ್ದಷ್ಟೇ ಅಲ್ಲ, ಬರೆದೂ ಇಟ್ಟಿದ್ದೇನೆ.

ನಾಲ್ಕು ಬೇಸಿಗೆಗಳ ಹಿಂದೆ ನಾವು ಗೆಳೆಯ ಗೆಳತಿಯರು ಸೇರಿ ಹಳ್ಳದ ದಂಡೆಗೆ ಬೇವಿನ ಸಸಿ ನೆಡಲು ಹೊರಟೆವು. ಜಾಗ ಹಸನು ಮಾಡಲು ಕೀಳಬೇಕಾದವುಗಳ ಪಟ್ಟಿ ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಹೂವಿಲ್ಲದೆ ಧೂಳು ಹಿಡಿದು ನಿಂತ ಪೊದೆಗಳನ್ನು ಎಣಿಸಿ, ಒಂದೊಂದರ ಬುಡಕ್ಕೂ ಸುಣ್ಣದ ಗುರುತು ಹಾಕಿ, 'ಕಸದ ಪೊದೆ: ೪೧' ಎಂದು ಬರೆದೆ. ಮರುದಿನ ಜೆಸಿಬಿ ಬಂದು ನಲವತ್ತೊಂದನ್ನೂ ಬೇರುಸಹಿತ ಎತ್ತಿತು. ಒಂದೂ ತಪ್ಪಲಿಲ್ಲ. ನನ್ನ ಕೆಲಸ ಅಷ್ಟು ಅಚ್ಚುಕಟ್ಟು.

ಆ ವರ್ಷ ಪಾಡ್ಯದ ಬೆಳಿಗ್ಗೆ, ನಮ್ಮ ಜೊತೆಗೇ ಇರುವ ಸೋದರತ್ತೆ ಶಂಕ್ರವ್ವ ಬುಟ್ಟಿ ಕೊಟ್ಟು ಹೂವಿಗೆ ಕಳಿಸಿದಳು. ಖಾಲಿ ಬುಟ್ಟಿಯೊಂದಿಗೆ ಬಂದೆ.

"ಹೂ ಎಲ್ಲೆವಾ?"

"ಗಿಡಾನ ಇಲ್ಲತ್ತಿ."

"ಯಾರ್ ಕಿತ್ತಾರ ಅವ್ರ ಕೈ ಸೇದಿ ಹೋಗ್ಲಿ!"

ನಾನು ಎರಡೂ ಕೈ ಬೆನ್ನ ಹಿಂದೆ ಇಟ್ಟುಕೊಂಡು, "ಗುರುತು ಹಾಕಿದಾಕಿ ನಾನ" ಎಂದೆ.

ಅತ್ತೆ ಕಲಸಿದ ಸಗಣಿಯನ್ನು ಎತ್ತಿ ತಿಪ್ಪೆಗೆ ಹಾಕಿ ಕೈ ತೊಳೆದಳು. ಆಮೇಲೆ ಹೇಳಿದಳು: "ಬೋಳ ತಲಿ ಪಾಂಡವ್ರನ್ನ ನಾ ಕುಂದ್ರಸಂಗಿಲ್ಲ. ನೀ ಕಿತ್ತೀದಿ, ನೀನ ಹಚ್ಚು. ಅಲ್ಲೀತನ ಈ ಮನಿಗೆ ಪಾಡ್ಯ ಇಲ್ಲ."

"ಕುಕನೂರ ಸಂತ್ಯಾಗಿಂದ ಚೆಂಡು ಹೂ ತರ್ಲೇನತ್ತಿ?"

"ನಾಳೆ ನಿನ್ನ ಮದುವ್ಯಾಗ ವರ ಬರ್ಲಿಲ್ಲಂದ್ರ ಸಂತ್ಯಾಗಿಂದ ಯಾವನನ್ನರ ತರ್ಲೇನು?"

ಅತ್ತ ನಮ್ಮ ಅರವತ್ತು ಬೇವಿನ ಸಸಿಗಳಲ್ಲಿ ಆಡುಗಳು ಉಳಿಸಿದ್ದು ನಾಲ್ಕು. ಹೊನ್ನಂಬರಿಗೆ ಆಡು ಬಾಯಿ ಹಾಕುವುದಿಲ್ಲ. ಇದು ಊರಿನ ಆಡುಗಳಿಗೆಲ್ಲ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ.

ತಾವರಗೇರಾ ರಸ್ತೆಯ ಬದಿಯಲ್ಲಿ ಒಣಗಿದ ಕಾಯಿ ಆರಿಸಿ ತಂದೆ. ಮುಂದಿನ ಜೂನಿನ ಮಿರಗದ ಮಳೆಗೆ ಅದೇ ದಂಡೆಯಲ್ಲಿ ನೂರು ಬೀಜ ಊರಿ, ಪ್ರತಿ ಬೀಜಕ್ಕೂ ಒಂದು ನಂಬರಿನ ಗೂಟ ಹೊಡೆದೆ. ದಿನಾ ಎರಡು ಹೊತ್ತು ನೋಡಿ ಬರೆದೆ. ಎದ್ದದ್ದು ಆರು. ಅತ್ತೆ ನನ್ನ ಪುಟವನ್ನು ಇಣುಕಿ ನೋಡಿ ನಕ್ಕಳು.

"ಸುಮ್ನ ಊರಿದ್ರ ಏಳಾಕ ಅದೇನು ಜ್ವಾಳನಾ? ಉಸುಕಿನ ಜೋಡಿ ಒಳ್ಳಾಗ ಹಾಕಿ ಮೆತ್ತಗ ತಿಕ್ಕಬೇಕು. ಮ್ಯಾಲಿನ ತೊಗಲು ಕೆರದ್ರ ಒಳಗ ನೀರು ಹೋಗತೈತಿ."

"ಮೊದ್ಲ ಯಾಕ ಹೇಳಲಿಲ್ಲತ್ತಿ?"

"ನೀ ಎಲ್ಲಿ ಕೇಳಿದಿ? ಬರಕೊಂತ ಕುಂತಿದ್ದಿ."

ಒರಳಿನಲ್ಲಿ ತಿಕ್ಕಿದ ಎರಡನೆಯ ನೂರರಲ್ಲಿ ಎಪ್ಪತ್ತಮೂರು ಎದ್ದವು. ಆದರೆ ಹೂ ನನ್ನ ಅವಸರ ಕೇಳಲಿಲ್ಲ. ಇನ್ನೊಂದು ಪಾಡ್ಯ ಖಾಲಿ ಹೋಯಿತು. ಹೋದ ವರ್ಷ ಎರಡೇ ಗೊಂಚಲು ಬಿಟ್ಟಾಗ ಆಸೆಯಿಂದ ತಂದು ತೋರಿಸಿದೆ. "ಎರಡಕ್ಕ ಐದು ಮಂದಿ ಜಗಳಾಡ್ತಾರ, ಇಡು ಅತ್ಲಾಗ" ಎಂದಳು ಅತ್ತೆ.

ಏಳೂವರೆ. ಹಳ್ಳಕ್ಕೆ ಹೋಗಿ ಬಂದು ಮತ್ತೆ ಬರೆಯುತ್ತಿದ್ದೇನೆ. ಮೊಣಕಾಲು ಹಿಡಿದುಕೊಂಡೇ ನಡೆಯುವ ಅತ್ತೆ ನಿನ್ನೆ ಸಂಜೆ ನನಗೆ ಹೇಳದೆ ಅಲ್ಲಿಗೆ ಹೋಗಿ ಮೊಗ್ಗು ನೋಡಿ ಬಂದಿದ್ದಳಂತೆ. ಅದಕ್ಕೇ ಹೂ ಬರುವ ಮುಂಚೆಯೇ ಸಗಣಿ ಕಲಸಿದ್ದು! ಹೂ ಬಿಟ್ಟ ಗಿಡ ಅರವತ್ತನಾಲ್ಕು. ದಂಡೆಯ ಉದ್ದಕ್ಕೂ ಅರಿಸಿನ ಚೆಲ್ಲಿದಂತಿತ್ತು. ನನ್ನ ಬೆನ್ನಿಗೇ ಓಣಿಯ ಹೆಂಗಸರು ಬುಟ್ಟಿ ಹಿಡಿದು ಬಂದರು. ಅವರ ಹಿಂದೆ ಕೋಲೂರಿಕೊಂಡು ಅತ್ತೆ.

"ತಗೋರೆವಾ, ಬೇಕಾದಷ್ಟು ತಗೋರಿ! ನಮ್ಮ ಹುಡುಗಿ ಹಚ್ಚಿದ್ದು!" ಎಂದು ಇಡೀ ಹಳ್ಳಕ್ಕೆ ಕೇಳುವಂತೆ ಕೂಗಿದಳು. ಕಿತ್ತವಳು ಯಾರೆಂಬುದನ್ನು ಮಾತ್ರ ಹೇಳಲಿಲ್ಲ.

ಈಗ ಹೊಸ್ತಿಲಲ್ಲಿ ಐವರೂ ಕುಳಿತಿದ್ದಾರೆ. ಭೀಮನಿಗೆ ಎರಡು ಗೊಂಚಲು.

ಒಂದು ಮಾತು ಉಳಿಯಿತು. ನಾನು ಮೊದಲು ಊರಿದ, ತಿಕ್ಕದ ಬೀಜಗಳ ಸಾಲಿನಲ್ಲಿ ಇಪ್ಪತ್ತೆರಡು ಮತ್ತು ಅರವತ್ತೇಳನೆಯ ಗೂಟಗಳ ಪಕ್ಕ ಈ ಮಳೆಗಾಲದಲ್ಲಿ ಎರಡು ಹೊಸ ಮೊಳಕೆ ಎದ್ದಿವೆ. "ನಿನ್ನಂಗ ಅವಕ್ಕೂ ತಿಳುವಳಿಕಿ ತಡಾ ಬಂದೈತಿ" ಎನ್ನುತ್ತಾಳೆ ಅತ್ತೆ. ಹೊನ್ನಂಬರಿ ಬೀಜ ನೆಲದೊಳಗೆ ಎಷ್ಟು ವರ್ಷ ಕಾಯಬಲ್ಲದು? ಬಲ್ಲವರು ದಯವಿಟ್ಟು ಬರೆದು ತಿಳಿಸಿ. ಉಳಿದ ತೊಂಬತ್ತೆರಡು ಗೂಟಗಳನ್ನು ನಾನಿನ್ನೂ ಕಿತ್ತಿಲ್ಲ.