ಕ್ಷಮಿಸುತ್ತಲೇ ಇದ್ದ ಗಂಡ

ನನ್ನ ತಮ್ಮನದು ಕನ್ನಡಕದ ಅಂಗಡಿ, ಅವನ ಹೆಂಡತಿ ಬಸ್ ಕಂಡಕ್ಟರ್. ಅವಳ ಒಂದು ಕೂಗಿಗೆ ಡ್ರೈವರ್ ಗಕ್ಕನೆ ಬ್ರೇಕ್ ಹಾಕುತ್ತಿದ್ದ, ಹಾಗಾಗಿ ಡಿಪೋದಲ್ಲಿ ಎಲ್ಲರಿಗೂ ಅವಳು 'ಸೀಟಿ'. ಕಾಲಿಡಲು ಜಾಗವಿಲ್ಲದ ಬಸ್ಸಿನಲ್ಲೂ, "ಒಳಗೆ ಹೋಗಿ ಸ್ವಾಮಿ, ಬಾಗಿಲಲ್ಲಿ ನಿಂತ್ರೆ ನಿಮ್ಮ ಸ್ಟಾಪೇನು ಓಡಿ ಬರಲ್ಲ" ಎಂದು ಗದರಿಸಿ ನಗಿಸುವವಳು. ಮನೆಗೆ ಬಂದರೆ ಮಾತ್ರ ಬಾಯಿಗೆ ಬೀಗ. ಗಂಡ ಹಾಕಿದ ಗೆರೆ ದಾಟುತ್ತಿರಲಿಲ್ಲ.

ಏಕೆಂದು ಒಮ್ಮೆ ಬಟ್ಟೆ ಮಡಚುತ್ತ ಅವಳೇ ಹೇಳಿದಳು. ಗಂಡನ ಮೇಲೆ ಆಸೆ ಇಲ್ಲವೆಂದಲ್ಲ. ಆದರೆ ಕೂಡುವ ಹೊತ್ತಿಗೆ ಜೀವ ಹೋಗುವಂಥ ನೋವು, ಮೈ ತಾನಾಗಿಯೇ ಬಿಗಿದುಕೊಳ್ಳುತ್ತಿತ್ತು.

"ಅವರು ಒಂದಿನಾನೂ ಬಲವಂತ ಮಾಡಿಲ್ಲ ಅತ್ತಿಗೆ. 'ಹೋಗ್ಲಿ ಬಿಡು, ನಿನ್ನ ಕ್ಷಮಿಸಿದೀನಿ' ಅಂತಾರೆ. ಇಂಥ ಗಂಡ ಯಾರಿಗೆ ಸಿಗ್ತಾನೆ ಹೇಳಿ?"

ನನ್ನ ತಮ್ಮ ಇಷ್ಟು ಒಳ್ಳೆಯವನೇ ಎಂದು ನಾನೂ ಬೀಗಿದೆ. ಆ ಕ್ಷಮೆಗೆ ಅವಳು ತೆತ್ತದ್ದು ಕಡಿಮೆಯೇನಲ್ಲ. ಟಿಕೆಟ್ ತಪಾಸಣೆಯ ಇನ್‌ಸ್ಪೆಕ್ಟರ್ ಆಗಿ ಬಡ್ತಿ ಬಂದಾಗ ಇವನು ಮುಖ ಸಣ್ಣದು ಮಾಡಿದ. "ಆ ಸುಖವಂತೂ ಇಲ್ಲ, ಹೊತ್ತಿಗೆ ಸರಿಯಾಗಿ ಮನೇಲಾದ್ರೂ ಇರು" ಎಂದ. ಅವಳು ಬಡ್ತಿ ಬೇಡವೆಂದುಬಿಟ್ಟಳು.

ಅವಳ ದಾರಿಯಲ್ಲಿ ಹೆಂಗಸರಿಗೆ ಶೌಚಾಲಯವಿಲ್ಲ. ಪಾಳಿ ಮುಗಿಯುವವರೆಗೆ ನೀರು ಕುಡಿಯದೆ, ಹಲ್ಲು ಕಚ್ಚಿ ತಡೆದುಕೊಂಡು ನಿಲ್ಲಬೇಕು. ಉರಿಮೂತ್ರ ಅವಳಿಗೆ ಹಳೇ ನೆಂಟ. ಈ ಸಲ ಚಳಿಜ್ವರವೇ ಬಂತು. ನಾನು ಹೆಂಗಸರ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಡಾಕ್ಟರಮ್ಮ ಪರೀಕ್ಷೆ ಮಾಡಲು ಹೋದರೆ ಇವಳು ಮಂಚದ ಅಂಚು ಹಿಡಿದು ಗಡಗಡ ನಡುಗಿದಳು. ಆಮೇಲೆ ಎಲ್ಲ ಹೇಳಿಕೊಂಡು ಅತ್ತಳು.

"ಅಳೋದ್ಯಾಕಮ್ಮ? ಇದು ನೀವು ಬೇಕಂತ ಮಾಡೋದಲ್ಲ" ಎಂದರು ಅವರು. "ಕೆಲವರಿಗೆ ಆಸೆನೇ ಬತ್ತಿಹೋಗುತ್ತೆ. ಕೆಲವರಿಗೆ ಆಸೆ ಇದ್ರೂ ಮೈ ಸ್ಪಂದಿಸಲ್ಲ, ಇನ್ನು ಕೆಲವರಿಗೆ ಸುಖ ಕೊನೆ ಮುಟ್ಟಲ್ಲ. ಸಕ್ಕರೆ ಕಾಯಿಲೆ, ಕೆಲವು ಮಾತ್ರೆ, ಹೆರಿಗೆ, ಮುಟ್ಟು ನಿಲ್ಲೋದು, ಮನಸ್ಸಿನ ಕೊರಗು, ಹೀಗೆ ಕಾರಣ ನೂರಿರುತ್ತೆ. ನಿಮ್ಮದು ನೋವಿನ ತೊಂದರೆ. ತಡೆದೂ ತಡೆದೂ, ಪದೇಪದೇ ಸೋಂಕಾಗಿ, ಕೆಳಗಿನ ಸ್ನಾಯುಗಳು ಸಡಿಲ ಆಗೋದನ್ನೇ ಮರೆತಿವೆ. ನೋವಿನ ಭಯಕ್ಕೆ ಇನ್ನಷ್ಟು ಬಿಗೀತವೆ. ವ್ಯಾಯಾಮ ಇದೆ, ಚಿಕಿತ್ಸೆ ಇದೆ. ಬಹಳ ಜನ ವಾಸಿಯಾಗ್ತಾರೆ."

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ಡಾಕ್ಟರಮ್ಮ ಚೀಟಿಯಲ್ಲಿದ್ದ ಗಂಡನ ಹೆಸರು ನೋಡಿ, ಕನ್ನಡಕ ಮೇಲೇರಿಸಿಕೊಂಡು, "ನಿಮ್ಮ ಯಜಮಾನರ ಅಂಗಡೀಲೇ ಇದನ್ನ ಮಾಡಿಸಿದ್ದು. ಆಗಲೇ ನಿಮ್ಮ ವಿಷಯ ಕೇಳಿದ್ರು. ಕರ್ಕೊಂಡು ಬನ್ನಿ, ಗುಣ ಆಗುತ್ತೆ ಅಂತ ಹೇಳಿದ್ದೆ. ನೀವೇ ಒಪ್ಪಲಿಲ್ಲವಂತೆ?" ಎಂದರು.

"ಯಾವಾಗ ಹೇಳಿದ್ರಿ?"

"ನಿಮ್ಮ ಮದುವೆಯಾದ ಮರುವರ್ಷ ಇರಬೇಕು."

ಅವಳು ನನ್ನ ಮುಖ ನೋಡಿದಳು. ನನಗೂ ಗೊತ್ತಿತ್ತೇನೋ ಎಂಬ ಆ ಒಂದು ಕ್ಷಣದ ಅನುಮಾನ ನನ್ನ ಎದೆಗೆ ಚುಚ್ಚಿತು.

ನೇರ ಕನ್ನಡಕದ ಅಂಗಡಿಗೆ ಹೋದೆವು. ನನ್ನ ತಮ್ಮ ಗಾಜು ಒರೆಸುತ್ತಿದ್ದ. ಅವಳು ಕೇಳಿದಳು. ಇಲ್ಲವೆನ್ನಲು ನೋಡಿದ, ಆಗಲಿಲ್ಲ.

"ನಾನೇನು ನಿನ್ನ ಹೊಡೆದ್ನಾ? ಬಿಟ್ಟು ಹೋದ್ನಾ? ಎಲ್ಲ ನುಂಗ್ಕೊಂಡು ಇದ್ದೆ. ಅಕ್ಕ, ನೀನಾದ್ರೂ ಹೇಳು."

ನನಗೆ ಮೈಯೆಲ್ಲ ಉರಿಯಿತು. "ಗುಣ ಆಗೋದನ್ನ ಮುಚ್ಚಿಟ್ಟು ದೊಡ್ಡ ಮನುಷ್ಯ ಅನ್ನಿಸ್ಕೊಂಡ್ಯಲ್ಲೋ! ಥೂ ನಿನ್ನ!"

ಅದಕ್ಕೆ ಅವನು ರೇಗಿ, ಒಳಗಿದ್ದದ್ದನ್ನು ಕಕ್ಕಿದ. "ಬಸ್ಸಲ್ಲಿ ಊರಿಗೆಲ್ಲ ಜೋರು ಮಾಡೋಳು. ಸರಿಹೋಗಿದ್ರೆ ನನ್ನ ಮಾತು ಕೇಳ್ತಿದ್ಲಾ?"

ಅವಳು ಅಳಲಿಲ್ಲ. ಇಡೀ ಬಸ್ಸಿಗೆ ಕೇಳಿಸುವ ಆ ದನಿ ಮೊದಲ ಸಲ ಗಂಡನ ಮುಂದೆ ಹೊರಬಂತು. ಕನ್ನಡಕ ಹಾಕಿ ನೋಡುತ್ತಿದ್ದ ಗಿರಾಕಿಗಳೆಲ್ಲ ತಿರುಗಿದರು.

"ಇಷ್ಟು ವರ್ಷ ದಿನಾ ಕ್ಷಮಿಸಿದ್ರಲ್ಲ, ಯಾವ ತಪ್ಪಿಗೆ ಅಂತ ಇವರೆಲ್ಲರ ಮುಂದೆ ಹೇಳಿ."